ದಾರಿ ತಪ್ಪಿದ ಕರುಳಬಾಲ

ಮನೆಯ ಹಿರಿಯರು ಬಾಯಿಬಿಟ್ಟು ಹೇಳುವ ನೋವುಗಳು ಕೆಲವು. ಹೇಳದೆ ನುಂಗಿಕೊಳ್ಳುವ ನೋವುಗಳು ಕೆಲವು. ಮಂಡಿನೋವು, ಸೊಂಟನೋವು, ತಲೆಸುತ್ತು ಇವೆಲ್ಲ ಮೊದಲನೆಯ ಜಾತಿಗೆ ಸೇರಿದವು. ಊರಿನಿಂದ ಬಂದ ತಾಯಿಯೋ ಅತ್ತೆಯವರೋ ಇವನ್ನು ಮನೆಯವರಿಗೂ, ನೆರೆಮನೆಯವರಿಗೂ, ಕನ್ನಡದ ಒಂದಕ್ಷರ ತಿಳಿಯದ ಹಾಲಿನವನಿಗೂ ಸಂಕೋಚವಿಲ್ಲದೆ ಹೇಳಿಬಿಡುತ್ತಾರೆ. ಆದರೆ ತೊಡೆಯ ಸಂದಿನಲ್ಲಿ ನಿಂಬೆಕಾಯಿಯಷ್ಟು ಗಂಟೊಂದು ಎದ್ದಿದೆ ಎಂಬ ಮಾತು ಮಾತ್ರ ಹೆತ್ತ ಮಗಳ ಮುಂದೆಯೂ ಅವರ ಬಾಯಿಂದ ಹೊರಡುವುದಿಲ್ಲ. ಸೀರೆಯ ಮರೆಯಲ್ಲಿ ಅದು ವಾರಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಉಳಿದುಬಿಡುತ್ತದೆ. ಈ ಬರಹ ಅಂತಹ ಒಂದು ಗಂಟನ್ನು ಕುರಿತದ್ದು. ಗಂಟು ಚಿಕ್ಕದು, ಆದರೆ ಅದರ ಹೊಟ್ಟೆಯಲ್ಲಿ ಏನಿದೆಯೆಂಬುದು ಒಮ್ಮೊಮ್ಮೆ ನುರಿತ ಶಸ್ತ್ರವೈದ್ಯರನ್ನೂ ಬೆರಗುಗೊಳಿಸುತ್ತದೆ.

ನಾವು ವೈದ್ಯರಲ್ಲವೆಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಬಿ.ಎ. ಮುಗಿಸಿ, ಸರಕಾರಿ ಕಛೇರಿಯೊಂದರಲ್ಲಿ ಕಡತ ತಿರುವುವ ಗುಮಾಸ್ತರು ನಾವು. ಆದರೆ ನೌಕರರ ವೈದ್ಯಕೀಯ ವೆಚ್ಚದ ಬಿಲ್ಲುಗಳು ಮಂಜೂರಾಗುವ ಮುನ್ನ ನಮ್ಮ ಮೇಜನ್ನು ಹಾದು ಹೋಗಬೇಕು. ಹೀಗಾಗಿ ಕಣ್ಣಿನ ಪೊರೆ, ಮೂತ್ರಕೋಶದ ಕಲ್ಲು, ಮಂಡಿಚಿಪ್ಪು ಮೊದಲಾದವುಗಳ ಪರಿಚಯ ನಮಗೆ ದೂರದ ನೆಂಟರ ಪರಿಚಯದಂತೆ ಆಗಿದೆ. ಕೆಲವು ಕಾಲದ ಹಿಂದೆ ಬಂದ ಒಂದು ಬಿಲ್ಲಿನಲ್ಲಿ ಒಂದೇ ದಿನ, ಒಂದೇ ಮೇಜಿನ ಮೇಲೆ, ಒಬ್ಬರೇ ವೃದ್ಧೆಗೆ ಎರಡು ಶಸ್ತ್ರಕ್ರಿಯೆಗಳು ನಡೆದಂತೆ ಬರೆದಿತ್ತು: ಒಂದು ಹರ್ನಿಯಾ ಸರಿಪಡಿಸಿದ್ದು, ಇನ್ನೊಂದು ಅಪೆಂಡಿಕ್ಸ್ ತೆಗೆದದ್ದು. ಪಕ್ಕದ ಮೇಜಿನ ಮಿತ್ರರು ಕನ್ನಡಕ ಮೇಲೇರಿಸಿ, "ಇದೇನ್ರೀ, ಒಂದೇ ಟಿಕೀಟಿನಲ್ಲಿ ಇಬ್ಬರ ಪ್ರಯಾಣ?" ಎಂದು ನಕ್ಕರು. ಆಸ್ಪತ್ರೆಯ ಕಾಗದಗಳನ್ನು ಓದಿ ನೋಡಿದರೆ ಪ್ರಯಾಣ ನಿಜವಾಗಿಯೂ ಒಂದೇ! ಅಪೆಂಡಿಕ್ಸು ತನ್ನ ಮನೆ ಬಿಟ್ಟು ಹರ್ನಿಯಾದ ಚೀಲದೊಳಗೆ ಹೋಗಿ ಕುಳಿತಿತ್ತು. ಬಿಲ್ಲು ಕ್ರಮವಾಗಿಯೇ ಇತ್ತು, ಮಂಜೂರಾಯಿತು. ನಮ್ಮ ಕುತೂಹಲ ಮಾತ್ರ ಮಂಜೂರಾಗದೆ ಉಳಿಯಿತು. ಪರಿಚಿತ ವೈದ್ಯರನ್ನು ಕೇಳಿ, ಗ್ರಂಥಾಲಯದ ಪುಸ್ತಕಗಳನ್ನು ತಿರುವಿ ತಿಳಿದುಕೊಂಡದ್ದನ್ನು ನಮ್ಮ ಸಂಘದ ಕುಟುಂಬಗಳ ಮುಂದಿಡುತ್ತಿದ್ದೇವೆ.

ಹರ್ನಿಯಾ ಎಂದರೇನು?

ನಮ್ಮ ಹೊಟ್ಟೆಯ ಗೋಡೆಯನ್ನು ಹೊಲಿದ ಗೋಣಿಚೀಲವೆಂದು ಭಾವಿಸಿರಿ. ಚೀಲ ಎಷ್ಟೇ ಗಟ್ಟಿಯಾಗಿರಲಿ, ಹೊಲಿಗೆ ಸಡಿಲಿದ ಕಡೆ ಅಕ್ಕಿ ಹೊರಗೆ ಇಣುಕುತ್ತದೆ. ಹಾಗೆಯೇ ಹೊಟ್ಟೆಯ ಗೋಡೆ ದುರ್ಬಲವಾದ ಕಡೆ ಒಳಗಿನ ತೆಳು ಪೊರೆ ಪುಟ್ಟ ಚೀಲದಂತೆ ಉಬ್ಬಿ ಹೊರಬರುತ್ತದೆ. ಅದರೊಳಗೆ ಕೊಬ್ಬೋ ಕರುಳೋ ನುಸುಳಿಕೊಳ್ಳುತ್ತದೆ. ಇದೇ ಹರ್ನಿಯಾ. ಎಲ್ಲರೂ ಕೇಳಿ ಬಲ್ಲ ಹರ್ನಿಯಾ ಗಂಡಸರಲ್ಲಿ ಹೆಚ್ಚಾಗಿ ಬರುವಂಥದು. ತೊಡೆಸಂದಿನ ಮಡಿಕೆಗೆ ಮೇಲ್ಗಡೆ ಕಾಣಿಸಿಕೊಳ್ಳುತ್ತದೆ. ಇದಕ್ಕೆ ಇಂಗ್ವೈನಲ್ ಹರ್ನಿಯಾ ಎಂದು ಹೆಸರು.

ನಾವು ಹೇಳಹೊರಟದ್ದು ಅದರ ದಾಯಾದಿ. ಸೊಂಟದ ಮೂಳೆಯ ಮುಂದಿನ ತುದಿಯಿಂದ ಹೊಟ್ಟೆಯ ಬುಡದ ನಡುವಿನ ಮೂಳೆಯವರೆಗೆ ಎರಡು ಪಕ್ಕದಲ್ಲಿಯೂ ಒಂದೊಂದು ಗಟ್ಟಿಯಾದ ತಂತುಪಟ್ಟಿ ಬಟ್ಟೆ ಒಣಹಾಕುವ ಹಗ್ಗದಂತೆ ಬಿಗಿದುಕೊಂಡಿದೆ. ಕಾಲಿಗೆ ಹೋಗಿ ಬರುವ ದೊಡ್ಡ ರಕ್ತನಾಳಗಳು ಈ ಹಗ್ಗದ ಅಡಿಯಿಂದಲೇ ಹಾಯುತ್ತವೆ. ರಕ್ತನಾಳಗಳ ಒಳಮಗ್ಗುಲಿಗೆ ಒಂದು ಇಕ್ಕಟ್ಟಾದ ಕಿರುಸಂದು ಉಂಟು. ಹೊಟ್ಟೆಯೊಳಗಿನ ಪದಾರ್ಥ ಈ ಕಿರುಸಂದಿನ ಮೂಲಕ ತೊಡೆಯ ಬುಡಕ್ಕೆ ಇಳಿದರೆ ಅದು ಫೆಮರಲ್ ಹರ್ನಿಯಾ, ಎಂದರೆ ತೊಡೆಯ ಹರ್ನಿಯಾ. ಇದು ತೊಡೆಸಂದಿನ ಎಲ್ಲ ಹರ್ನಿಯಾಗಳಲ್ಲಿ ನೂರಕ್ಕೆ ಮೂರರಿಂದ ಐದರಷ್ಟು ಮಾತ್ರ. ಆದರೆ ಗಂಡಸರಿಗಿಂತ ಹೆಂಗಸರಲ್ಲಿ, ಅದರಲ್ಲಿಯೂ ವಯಸ್ಸಾದವರಲ್ಲಿ, ಬಹಳ ಹೆಚ್ಚು. ಎಡಕ್ಕಿಂತ ಬಲಗಡೆಯೇ ಹೆಚ್ಚು. ಹೆಂಗಸರ ಕಟಿಯ ಎಲುಬುಗೂಡು ಅಗಲವಾಗಿರುವುದು, ಮೇಲಿಂದ ಮೇಲೆ ಬಸಿರು ಬಾಣಂತನಗಳು, ಹಳೆಯ ಕೆಮ್ಮು, ಮಲಬದ್ಧತೆಯ ತಿಣುಕು, ಮುಪ್ಪಿನಲ್ಲಿ ಮೈಯಿಳಿದು ಸ್ನಾಯುಗಳು ಸೊರಗುವುದು, ಇವೆಲ್ಲ ಇದಕ್ಕೆ ಕಾರಣಗಳು. ಇವನ್ನೆಲ್ಲ ಓದುವಾಗ ನಮ್ಮ ತಾಯಂದಿರ, ಅಜ್ಜಿಯಂದಿರ ಜೀವನಚರಿತ್ರೆಯನ್ನೇ ಓದಿದಂತಾಗುತ್ತದೆ.

ಈ ಕಿರುಸಂದಿನ ಕಷ್ಟವೆಲ್ಲ ಅದರ ಬಾಯಿಯಲ್ಲಿದೆ. ಮುಂದೆ ಆ ತಂತುಪಟ್ಟಿ, ಹಿಂದೆ ಮೂಳೆಗೆ ಅಂಟಿದ ಇನ್ನೊಂದು ಪಟ್ಟಿ, ಒಳಮಗ್ಗುಲಲ್ಲಿ ಮತ್ತೊಂದು. ಮೂರು ಕಡೆ ಗೋಡೆ. ನಾಲ್ಕನೆಯ ಕಡೆ ರಕ್ತನಾಳ. ಹಿಗ್ಗಲು ಎಡೆಯಿಲ್ಲ. ಕೈ ಸಣ್ಣಗಿದ್ದಾಗ ತೊಟ್ಟ ಬಳೆ, ಕೈ ಊದಿಕೊಂಡಾಗ ಏನು ಮಾಡುತ್ತದೆಯೋ ಅದನ್ನೇ ಈ ಸಂದಿನ ಬಾಯಿ ಮಾಡುತ್ತದೆ. ಒಳಹೊಕ್ಕದ್ದು ಊದುತ್ತದೆ, ಊದಿದಷ್ಟೂ ಬಿಗಿಯುತ್ತದೆ, ಬಿಗಿದಷ್ಟೂ ರಕ್ತದ ಓಡಾಟ ನಿಲ್ಲುತ್ತದೆ. ರಕ್ತವಿಲ್ಲದ ಅಂಗ ಕೆಲವು ಗಂಟೆಗಳಲ್ಲಿ ಕೊಳೆಯಲಾರಂಭಿಸುತ್ತದೆ. ೧೯೯೧ರಲ್ಲಿ ಬ್ರಿಟಿಷ್ ಶಸ್ತ್ರವೈದ್ಯರ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಲೆಕ್ಕವನ್ನು ಓದುಗರು ಗಮನಿಸಬೇಕು. ಗಂಟು ಕಾಣಿಸಿಕೊಂಡ ಮೂರು ತಿಂಗಳೊಳಗೆ ಹೀಗೆ ಬಿಗಿದುಕೊಳ್ಳುವ ಸಂಭವ ಸಾಮಾನ್ಯ ಇಂಗ್ವೈನಲ್ ಹರ್ನಿಯಾದಲ್ಲಿ ನೂರಕ್ಕೆ ೨.೮, ತೊಡೆಯ ಹರ್ನಿಯಾದಲ್ಲಿ ನೂರಕ್ಕೆ ೨೨. ಇಪ್ಪತ್ತೊಂದು ತಿಂಗಳು ಕಳೆಯುವ ಹೊತ್ತಿಗೆ ಈ ಎರಡನೆಯದು ನೂರಕ್ಕೆ ೪೫ಕ್ಕೆ ಏರುತ್ತದೆ. "ನೋವಿಲ್ಲವಲ್ಲ, ಇರಲಿ ಬಿಡು" ಎಂಬ ನಮ್ಮ ಮನೆಮಾತು ಈ ಗಂಟಿನ ವಿಷಯದಲ್ಲಿ ಎಷ್ಟು ದುಬಾರಿಯೆಂಬುದು ಇದರಿಂದ ತಿಳಿದೀತು.

ಬಾಲಕ್ಕೆ ಅಲ್ಲೇನು ಕೆಲಸ?

ಅಪೆಂಡಿಕ್ಸ್ ಎಂಬ ಕರುಳಬಾಲದ ಪರಿಚಯ ಎಲ್ಲರಿಗೂ ಉಂಟು. ದೊಡ್ಡಕರುಳು ಆರಂಭವಾಗುವ ಕಡೆ, ಹೊಟ್ಟೆಯ ಬಲಗಡೆ ಕೆಳಮೂಲೆಯಲ್ಲಿ, ಎಂಟು ಹತ್ತು ಸೆಂಟಿಮೀಟರು ಉದ್ದದ ಒಂದು ಎರೆಹುಳುವಿನಂತೆ ಅದು ಜೋತಾಡುತ್ತಿರುತ್ತದೆ. ಅದರ ಒಂದು ತುದಿ ಕರುಳಿಗೆ ತೆರೆದಿದೆ. ಇನ್ನೊಂದು ತುದಿ ಮುಚ್ಚಿದೆ. ಮುಂದೆ ದಾರಿಯಿಲ್ಲದ ಓಣಿ ಎನ್ನಬಹುದು. ಬುಡ ಒಂದೇ ಕಡೆಯಾದರೂ ತುದಿ ಯಾವ ದಿಕ್ಕಿಗೆ ತಿರುಗಿರುತ್ತದೆಂಬುದು ಒಬ್ಬೊಬ್ಬರಲ್ಲಿ ಒಂದೊಂದು ಬಗೆ. ಕೆಲವರಲ್ಲಿ ದೊಡ್ಡಕರುಳಿನ ಆ ಭಾಗವೇ ಸಡಿಲವಾಗಿ ಕೆಳಕ್ಕೆ ಇಳಿದಿರುತ್ತದೆ. ಅಂಥವರಲ್ಲಿ ತೊಡೆಯ ಹರ್ನಿಯಾದ ಬಾಯಿ ಪಕ್ಕದಲ್ಲಿಯೇ ತೆರೆದಿದ್ದರೆ ಬಾಲ ಅದರೊಳಗೆ ನುಸುಳಿಕೊಳ್ಳುತ್ತದೆ. ಅಲ್ಲಿ ಬಿಗಿತಕ್ಕೆ ಸಿಕ್ಕಿ, ರಕ್ತ ಕಡಿಮೆಯಾಗಿ, ಊದಿ ಕೀವಾಗುತ್ತದೆ. ಎಂದರೆ ರೋಗಿಗೆ ಅಪೆಂಡಿಸೈಟಿಸ್. ಆದರೆ ಹೊಟ್ಟೆಯಲ್ಲಲ್ಲ, ತೊಡೆಯ ಬುಡದಲ್ಲಿ!

ಇದು ಎಷ್ಟು ಅಪರೂಪವೆಂದರೆ, ತೊಡೆಯ ಹರ್ನಿಯಾದ ಚೀಲದಲ್ಲಿ ಅಪೆಂಡಿಕ್ಸ್ ಸಿಕ್ಕುವುದು ನೂರಕ್ಕೆ ಒಂದು, ಹೆಚ್ಚೆಂದರೆ ಐದು ಸಂದರ್ಭಗಳಲ್ಲಿ. ಅದು ಅಲ್ಲಿಯೇ ಊದಿ ಕೀವಾಗುವುದಂತೂ ಸಾವಿರಕ್ಕೆ ಒಂದರ ಆಸುಪಾಸು. ಎಷ್ಟೋ ಶಸ್ತ್ರವೈದ್ಯರು ಇಡೀ ವೃತ್ತಿಜೀವನದಲ್ಲಿ ಒಂದನ್ನೂ ಕಾಣುವುದಿಲ್ಲ. ಕಂಡವರು ಅದನ್ನು ವೈದ್ಯಕೀಯ ಪತ್ರಿಕೆಗಳಲ್ಲಿ ಬರೆದು ಪ್ರಕಟಿಸುತ್ತಾರೆ.

ಪ್ಯಾರಿಸಿನಿಂದ ಲಂಡನ್ನಿಗೆ

ಇಂಥ ಅಪರೂಪದ ವಸ್ತುವನ್ನು ಮೊದಲು ಕಂಡವರು ಯಾರು? ೧೭೩೧ರಲ್ಲಿ ರೆನೆ ಜಾಕ್ ಕ್ರ್ವಾಸಾಂ ದ ಗಾರಾಂಜೋ ಎಂಬ ಪ್ಯಾರಿಸ್ ನಗರದ ಶಸ್ತ್ರವೈದ್ಯ ತೊಡೆಯ ಹರ್ನಿಯಾದ ಚೀಲದಲ್ಲಿ ಅಪೆಂಡಿಕ್ಸ್ ಇದ್ದುದನ್ನು ಮೊದಲ ಬಾರಿಗೆ ವರ್ಣಿಸಿದ. ನಾಲ್ಕು ವರ್ಷಗಳ ತರುವಾಯ, ೧೭೩೫ರಲ್ಲಿ, ಲಂಡನ್ನಿನ ಸೇಂಟ್ ಜಾರ್ಜ್ ಆಸ್ಪತ್ರೆಯಲ್ಲಿ ಕ್ಲಾಡಿಯಸ್ ಆಮ್ಯಾಂಡ್ ಎಂಬ ರಾಜವೈದ್ಯ ಹನ್ನೊಂದು ವರ್ಷದ ಹುಡುಗನೊಬ್ಬನಿಗೆ ಶಸ್ತ್ರಕ್ರಿಯೆ ಮಾಡಿದ. ಹುಡುಗ ಎಂದೋ ನುಂಗಿದ್ದ ಗುಂಡುಸೂಜಿ ಅಪೆಂಡಿಕ್ಸನ್ನು ಸೇರಿ ತೂತು ಮಾಡಿತ್ತು. ಆ ಅಪೆಂಡಿಕ್ಸು ಹರ್ನಿಯಾದ ಚೀಲದೊಳಗಿತ್ತು. ಆದರೆ ಅದು ತೊಡೆಯ ಹರ್ನಿಯಾ ಅಲ್ಲ. ಮೇಲ್ಗಡೆಯ ಇಂಗ್ವೈನಲ್ ಹರ್ನಿಯಾ. ಆಮ್ಯಾಂಡ್ ಅಪೆಂಡಿಕ್ಸನ್ನು ಕತ್ತರಿಸಿ ತೆಗೆದ. ಮೈಮರೆಸುವ ಔಷಧಿಯಿಲ್ಲದ ಆ ಕಾಲದಲ್ಲಿ ಶಸ್ತ್ರಕ್ರಿಯೆ ಸುಮಾರು ಅರ್ಧ ಗಂಟೆ ನಡೆಯಿತು. ಹುಡುಗ ಬದುಕಿಕೊಂಡ! ಅಪೆಂಡಿಕ್ಸನ್ನು ಯಶಸ್ವಿಯಾಗಿ ತೆಗೆದ ಮೊದಲ ದಾಖಲೆ ಇದೇ. ಹೀಗೆ ಜಗತ್ತಿನ ಪ್ರಥಮ ಅಪೆಂಡಿಕ್ಸ್ ಶಸ್ತ್ರಕ್ರಿಯೆ ನಡೆದದ್ದು ಸಾಮಾನ್ಯ ಹೊಟ್ಟೆನೋವಿಗಾಗಿ ಅಲ್ಲ. ದಾರಿ ತಪ್ಪಿ ಹರ್ನಿಯಾದೊಳಗೆ ಹೊಕ್ಕ ಬಾಲಕ್ಕಾಗಿ ಎಂಬುದು ಸ್ವಾರಸ್ಯದ ಮಾತು. ತೊಡೆಯ ಹರ್ನಿಯಾದೊಳಗಿಂದ ಅಪೆಂಡಿಕ್ಸನ್ನು ತೆಗೆದ ಮೊದಲ ಕೀರ್ತಿ ಫ್ರಾನ್ಸಿನ ಹೆವಿನ್ ಎಂಬವನಿಗೆ, ೧೭೮೫ರಲ್ಲಿ, ಸಂದಿತೆಂದು ವೈದ್ಯರು ಬರೆಯುತ್ತಾರೆ.

ಅಚ್ಚರಿಯೆಂದರೆ ಇವರಾರಿಗೂ ಅಪೆಂಡಿಸೈಟಿಸ್ ಎಂಬ ಶಬ್ದವೇ ಗೊತ್ತಿರಲಿಲ್ಲ. ೧೮೪೬ರಲ್ಲಿ ಈಥರ್ ಬಂದು ರೋಗಿಯ ನೋವನ್ನು ಮರೆಸಿತು; ೧೮೬೭ರಲ್ಲಿ ಲಿಸ್ಟರ್ ಮಹಾಶಯನು ಗಾಯ ಕೀವಾಗದಂತೆ ತಡೆಯುವ ಮಾರ್ಗವನ್ನು ಪ್ರಕಟಿಸಿದ; ೧೮೮೬ರಲ್ಲಿ ಅಮೆರಿಕದ ರೆಜಿನಾಲ್ಡ್ ಫಿಟ್ಸ್ ರೋಗಕ್ಕೆ ಹೆಸರಿಟ್ಟು ಲಕ್ಷಣಗಳನ್ನು ವಿವರಿಸಿದ. ೧೯೦೨ರ ಜೂನ್ ತಿಂಗಳಲ್ಲಿ ಏಳನೆಯ ಎಡ್ವರ್ಡ್ ದೊರೆಯ ಪಟ್ಟಾಭಿಷೇಕಕ್ಕೆ ಲಂಡನ್ ನಗರವೆಲ್ಲ ತೋರಣ ಕಟ್ಟಿ ನಿಂತಿದ್ದಾಗ, ಇದೇ ಕರುಳಬಾಲದ ಕೀವು ಉತ್ಸವವನ್ನು ಆಗಸ್ಟಿಗೆ ಮುಂದೂಡಿಸಿತು. ದೊರೆಗೂ ಗುಮಾಸ್ತನಿಗೂ ಭೇದವೆಣಿಸದ ಅಂಗವಿದು! ಈಗ ಇಂಗ್ವೈನಲ್ ಹರ್ನಿಯಾದಲ್ಲಿ ಅಪೆಂಡಿಕ್ಸ್ ಇದ್ದರೆ ಆಮ್ಯಾಂಡನ ಹೆಸರನ್ನು, ತೊಡೆಯ ಹರ್ನಿಯಾದಲ್ಲಿ ಇದ್ದರೆ ಗಾರಾಂಜೋನ ಹೆಸರನ್ನು ಹೇಳುತ್ತಾರೆ. ಆಶ್ಚರ್ಯವೆಂದರೆ ಗಾರಾಂಜೋನ ಹೆಸರನ್ನು ಇದಕ್ಕೆ ಇಡಬೇಕೆಂದು ಇಬ್ಬರು ವೈದ್ಯರು ಸೂಚಿಸಿದ್ದು ೨೦೦೫ರಲ್ಲಿ. ಕಂಡದ್ದಕ್ಕೂ ಹೆಸರಾದದ್ದಕ್ಕೂ ನಡುವೆ ಇನ್ನೂರ ಎಪ್ಪತ್ತನಾಲ್ಕು ವರ್ಷ! ನಮ್ಮ ಕಛೇರಿಯ ಕಡತಗಳೂ ಇಷ್ಟು ನಿಧಾನವಲ್ಲ.

ಕಂಡುಹಿಡಿಯುವುದು ಕಷ್ಟವೇಕೆ?

ಕರುಳಿನ ಕುಣಿಕೆಯೇ ಹರ್ನಿಯಾದಲ್ಲಿ ಸಿಕ್ಕಿಕೊಂಡರೆ ಲಕ್ಷಣಗಳು ಡಂಗುರ ಹೊಡೆಯುತ್ತವೆ: ಹೊಟ್ಟೆಯುಬ್ಬರ, ವಾಂತಿ, ಮಲ ಮತ್ತು ವಾಯು ನಿಂತುಹೋಗುವುದು. ಹೆದ್ದಾರಿಯೇ ಕಟ್ಟಿದ ಮೇಲೆ ಗದ್ದಲ ತಪ್ಪದು. ಆದರೆ ಅಪೆಂಡಿಕ್ಸ್ ಹೆದ್ದಾರಿಯಲ್ಲ. ಮುಂದೆ ದಾರಿಯಿಲ್ಲದ ಓಣಿ. ಅದು ಸಿಕ್ಕಿಕೊಂಡರೂ ಹೆದ್ದಾರಿಯಲ್ಲಿ ಸಂಚಾರ ನಡೆದೇ ಇರುತ್ತದೆ. ಅಜ್ಜಿ ಊಟ ಮಾಡುತ್ತಾರೆ, ಬಹಿರ್ದೆಸೆಗೂ ತೊಂದರೆಯಿಲ್ಲ. ಹೊಟ್ಟೆ ಒತ್ತಿ ನೋಡಿದರೆ ಮೆತ್ತಗಿರುತ್ತದೆ. ಏಕೆಂದರೆ ಬಿಗಿಯಾದ ಆ ಬಾಯಿಯೇ ಕೀವು ಹೊಟ್ಟೆಯೊಳಕ್ಕೆ ಹರಡದಂತೆ ತಡೆದಿರುತ್ತದೆ. ಜ್ವರ ಕೆಲವರಿಗೆ ಬರುತ್ತದೆ, ಕೆಲವರಿಗೆ ಬರುವುದಿಲ್ಲ. ಉಳಿಯುವುದು ಒಂದೇ ಗುರುತು: ಬಲತೊಡೆಯ ಬುಡದಲ್ಲಿ, ಒತ್ತಿದರೆ ಒಳಗೆ ಹೋಗದ, ಮುಟ್ಟಿದರೆ ನೋಯುವ, ಒಮ್ಮೊಮ್ಮೆ ಚರ್ಮ ಕೆಂಪಾದ ಗಂಟು.

ಇಂಥ ಗಂಟಿಗೆ ನೂರು ವೇಷ. ಕಾಲಿನ ಬೆರಳಿಗೆ ಗಾಯವಾದಾಗ ತೊಡೆಸಂದಿನಲ್ಲಿ ಕಟ್ಟುವ ಗಡ್ಡೆ, ಬರಿಯ ಕೊಬ್ಬಿನ ಗಂಟು, ಕೀವುಗುಳ್ಳೆ, ಉಬ್ಬಿದ ರಕ್ತನಾಳ, ಸಾಮಾನ್ಯ ಹರ್ನಿಯಾ, ಎಲ್ಲವೂ ಅದೇ ಸ್ಥಳದಲ್ಲಿ ಹೆಚ್ಚುಕಡಮೆ ಹಾಗೆಯೇ ಕಾಣುತ್ತವೆ. ಕೀವುಗುಳ್ಳೆಯೆಂದು ತಿಳಿದು ಸೂಜಿ ಚುಚ್ಚಿದರೆ, ಗೀರಿದರೆ ಅನರ್ಥ, ಒಳಗಿರುವುದು ಕರುಳಾಗಿರಬಹುದು. ಆದುದರಿಂದ ಅನುಭವಿ ವೈದ್ಯರು ತೊಡೆಸಂದಿನ ಗಂಟನ್ನು ಹರ್ನಿಯಾ ಅಲ್ಲವೆಂದು ನಿಶ್ಚಯವಾಗುವವರೆಗೆ ಹರ್ನಿಯಾ ಎಂದೇ ಭಾವಿಸುತ್ತಾರೆ. ಗಂಟು ಹೊಟ್ಟೆಯ ಬುಡದ ಮೂಳೆಯ ಗುಬುಟಿಗಿಂತ ಕೆಳಗೆ ಮತ್ತು ಹೊರಮಗ್ಗುಲಿಗೆ ಇದ್ದರೆ ತೊಡೆಯ ಹರ್ನಿಯಾ, ಮೇಲೆ ಮತ್ತು ಒಳಮಗ್ಗುಲಿಗೆ ಇದ್ದರೆ ಇಂಗ್ವೈನಲ್ ಹರ್ನಿಯಾ ಎಂಬುದು ವೈದ್ಯ ವಿದ್ಯಾರ್ಥಿಗಳು ಕಲಿಯುವ ಸೂತ್ರ. ಮೈತುಂಬಿದವರಲ್ಲಿ ಈ ಸೂತ್ರವೂ ಕೈಕೊಡುತ್ತದೆ.

ಧ್ವನಿತರಂಗದ ಅಲ್ಟ್ರಾಸೌಂಡ್ ಪರೀಕ್ಷೆ ಕೆಲಮಟ್ಟಿಗೆ ಸಹಾಯಕ. ಎಲ್ಲಕ್ಕಿಂತ ನೆಚ್ಚಬಹುದಾದದ್ದು ಸಿ.ಟಿ. ಸ್ಕ್ಯಾನ್. ೧೯೭೧ರಲ್ಲಿ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಮೊದಲ ಬಾರಿಗೆ ರೋಗಿಯ ಮೇಲೆ ಪ್ರಯೋಗವಾದ ಈ ಯಂತ್ರಕ್ಕಾಗಿ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಅವರಿಗೆ ೧೯೭೯ರಲ್ಲಿ ನೊಬೆಲ್ ಬಹುಮಾನದ ಪಾಲು ದೊರೆಯಿತು. ಸೌತೆಕಾಯಿಯನ್ನು ಬಿಲ್ಲೆ ಬಿಲ್ಲೆಯಾಗಿ ಕೊಯ್ದು ನೋಡಿದಂತೆ ಅದು ದೇಹವನ್ನು ಪದರ ಪದರವಾಗಿ ತೋರಿಸುತ್ತದೆ. ಕರುಳಿನ ಬುಡದಿಂದ ಹೊರಟ, ತುದಿ ಮುಚ್ಚಿದ ಒಂದು ಸಣ್ಣ ಕೊಳವೆ ತೊಡೆಯ ಸಂದಿನೊಳಕ್ಕೆ ಇಳಿದಿರುವುದು ಆ ಚಿತ್ರದಲ್ಲಿ ಕಂಡರೆ ಗುಟ್ಟು ಬಯಲಾದಂತೆ. ಆದರೂ ಇಂದಿಗೂ ಅನೇಕ ರೋಗಿಗಳಲ್ಲಿ ಶಸ್ತ್ರವೈದ್ಯರು ಚೀಲವನ್ನು ಬಿಡಿಸಿದಾಗಲೇ ಒಳಗಿನ ಅತಿಥಿಯ ಮುಖ ಕಾಣುವುದು. ಇದರಿಂದ ದೊಡ್ಡ ನಷ್ಟವೇನಿಲ್ಲ. ಒಳಗೆ ಇರುವುದು ಅಪೆಂಡಿಕ್ಸೋ, ಕರುಳೋ, ಕೊಬ್ಬೋ, ಏನೇ ಆಗಲಿ, ಬಿಗಿದುಕೊಂಡ ತೊಡೆಯ ಹರ್ನಿಯಾಕ್ಕೆ ತಡಮಾಡದೆ ಶಸ್ತ್ರಕ್ರಿಯೆ ಆಗಲೇಬೇಕು. ಸ್ಕ್ಯಾನಿಗೆ ಸರತಿ ಕಾಯುತ್ತ ಶಸ್ತ್ರಕ್ರಿಯೆ ತಡವಾಗುವುದೇ ಹೆಚ್ಚು ನಷ್ಟ.

ಶಸ್ತ್ರಕ್ರಿಯೆ ಹೇಗೆ?

ಕೆಲಸಗಳು ಎರಡು: ಕೆಟ್ಟ ಬಾಲವನ್ನು ತೆಗೆಯುವುದು, ಬಿಟ್ಟ ಸಂದನ್ನು ಮುಚ್ಚುವುದು. ಹೋಗುವ ದಾರಿಗಳು ಹಲವು. ಗಂಟಿನ ಮೇಲೆಯೇ ಕೊಯ್ದು ಕೆಳಗಿನಿಂದ ಪ್ರವೇಶಿಸುವುದು ಒಂದು. ತಂತುಪಟ್ಟಿಯ ಮೇಲ್ಗಡೆ ಕೊಯ್ದು ಮೇಲಿನಿಂದ ಇಳಿಯುವುದು ಇನ್ನೊಂದು. ಸಣ್ಣ ತೂತುಗಳಿಂದ ದುರ್ಬೀನು ಹಾಯಿಸಿ ಮಾಡುವ ಲ್ಯಾಪರೋಸ್ಕೋಪಿ ಮೂರನೆಯದು. ಇದೊಂದೇ ಸರಿಯೆಂದು ಎಲ್ಲರೂ ಒಪ್ಪಿದ ದಾರಿಯಿಲ್ಲ. ರೋಗಿ ಇಷ್ಟು ಅಪರೂಪವಾಗಿರುವಾಗ ಇರುವುದೂ ಕಷ್ಟ. ರೋಗಿಯ ಸ್ಥಿತಿ, ಕೀವಿನ ಪ್ರಮಾಣ, ವೈದ್ಯರ ಕೈಯ ಅಭ್ಯಾಸ ಇವನ್ನು ನೋಡಿ ನಿರ್ಧರಿಸುತ್ತಾರೆ. ಚೀಲವನ್ನು ಬಿಡಿಸಿದಾಗ ಅಪೆಂಡಿಕ್ಸಿನ ಬುಡ ಕೈಗೆ ಸಿಕ್ಕಿ, ಅದು ಆರೋಗ್ಯವಾಗಿದ್ದರೆ, ಅಲ್ಲಿಯೇ ಕಟ್ಟಿ ಕತ್ತರಿಸಿಬಿಡಬಹುದು. ಹೊಟ್ಟೆಯನ್ನು ಬೇರೆ ತೆರೆಯಬೇಕಾದ್ದಿಲ್ಲ. ಬುಡ ಸಿಕ್ಕದಿದ್ದರೆ, ಅಥವಾ ಕೀವು ಹೊಟ್ಟೆಯೊಳಗೆ ಹರಡಿದ್ದರೆ, ಹೊಟ್ಟೆಯ ಕಡೆಯಿಂದಲೂ ನೋಡಬೇಕಾಗುತ್ತದೆ.

ಸಂದನ್ನು ಮುಚ್ಚುವುದರಲ್ಲಿ ಒಂದು ಸೂಕ್ಷ್ಮವಿದೆ. ಸಾಮಾನ್ಯ ಹರ್ನಿಯಾಕ್ಕೆ ಈಗ ನೈಲಾನಿನಂಥ ಕೃತಕ ನೂಲಿನ ಬಲೆಯನ್ನು ತೇಪೆ ಹಾಕುತ್ತಾರೆ. ಸೊಳ್ಳೆಪರದೆಯ ಹರಿದ ಭಾಗಕ್ಕೆ ತುಂಡು ಹೊಲಿದಂತೆ ಎನ್ನಿ. ಅದು ಭದ್ರ, ಹರ್ನಿಯಾ ಮರಳುವುದು ಕಡಮೆ. ಆದರೆ ಕೀವಾದ ಜಾಗದಲ್ಲಿ ಬಲೆ ಇಟ್ಟರೆ ಬಲೆಗೇ ಕೀವು ಹತ್ತುವ ಭಯ. ಆದ್ದರಿಂದ ಅಪೆಂಡಿಕ್ಸ್ ಕೊಳೆತೋ ಒಡೆದೋ ಇದ್ದಾಗ ಬಹುಮಂದಿ ವೈದ್ಯರು ಬಲೆಯನ್ನು ಬಿಟ್ಟು ಬರಿಯ ಹೊಲಿಗೆಯಿಂದ, ಮುಂದಿನ ತಂತುಪಟ್ಟಿಯನ್ನು ಹಿಂದಿನದಕ್ಕೆ ಸೇರಿಸಿ, ಸಂದನ್ನು ಕಿರಿದು ಮಾಡುತ್ತಾರೆ. ಹೊಲಿಯುವಾಗ ಹೊರಮಗ್ಗುಲಿನ ರಕ್ತನಾಳ ಬಿಗಿಯದಂತೆ ನೋಡಿಕೊಳ್ಳಬೇಕು. ಆಮೇಲೆ ಕೀವುನಿರೋಧಕ ಔಷಧಿಗಳು. ತೆಗೆದ ಅಪೆಂಡಿಕ್ಸನ್ನು ಪರೀಕ್ಷೆಗೆ ಕಳಿಸುವುದು. ಗಾಯ ಕೀವಾಗುವುದೇ ಈ ಶಸ್ತ್ರಕ್ರಿಯೆಯ ಮುಖ್ಯ ತೊಡಕು. ತಡಮಾಡಿ ಬಂದವರಲ್ಲಿ ಅದು ಹೆಚ್ಚು. ಸಕಾಲಕ್ಕೆ ಬಂದವರು ಎಂಬತ್ತರ ವಯಸ್ಸಿನವರಾದರೂ ಗುಣವಾಗಿ ಮನೆಗೆ ನಡೆದು ಹೋಗುತ್ತಾರೆ. ನಮ್ಮ ಮೇಜಿಗೆ ಬಂದ ಆ ಬಿಲ್ಲಿನ ವೃದ್ಧೆಯೂ ಹಾಗೆಯೇ ಹೋದವರು.

ನಮ್ಮ ಮನೆಗಳಲ್ಲಿ

ಇಷ್ಟು ಅಪರೂಪದ ರೋಗವನ್ನು ಕುರಿತು ನಮ್ಮ ಸಂಘದ ಪತ್ರಿಕೆಯಲ್ಲಿ ಬರೆಯುವುದೇಕೆಂದು ಕೆಲವರು ಕೇಳಿಯಾರು. ಅಪೆಂಡಿಕ್ಸ್ ಹೊಕ್ಕ ಹರ್ನಿಯಾ ಅಪರೂಪವಿರಬಹುದು. ತೊಡೆಯ ಗಂಟನ್ನು ಬಚ್ಚಿಟ್ಟುಕೊಳ್ಳುವ ತಾಯಂದಿರು ಅಪರೂಪವಲ್ಲ. ಪರಸ್ಥಳದಲ್ಲಿರುವ ನಮ್ಮಂಥವರ ಮನೆಗಳಲ್ಲಿ ಈ ಬಚ್ಚಿಡುವಿಕೆಗೆ ಇನ್ನೂ ಎರಡು ಕಾರಣಗಳು ಸೇರುತ್ತವೆ.

ಮೊದಲನೆಯದು, ತಾಯಿ ನಮ್ಮಲ್ಲಿಗೆ ಬರುವುದು ಮೊಮ್ಮಗುವಿನ ಆರೈಕೆಗೋ, ಚಳಿಗಾಲದ ಮೂರು ತಿಂಗಳಿಗೋ. "ಬಂದ ಕಡೆ ಮಕ್ಕಳಿಗೆ ತೊಂದರೆ ಕೊಡಬಾರದು, ಊರಿಗೆ ಹೋದ ಮೇಲೆ ನಮ್ಮ ಡಾಕ್ಟರಿಗೇ ತೋರಿಸಿದರಾಯಿತು" ಎಂದು ಅವರು ತಮ್ಮಷ್ಟಕ್ಕೆ ತೀರ್ಮಾನಿಸಿಕೊಂಡಿರುತ್ತಾರೆ. ಹಿಂದಿರುಗುವ ಟಿಕೀಟು ಎರಡು ತಿಂಗಳ ಮೇಲಿನದು. ತೊಡೆಯ ಹರ್ನಿಯಾ ರೈಲಿನ ವೇಳಾಪಟ್ಟಿಯನ್ನು ನೋಡಿ ಬಿಗಿಯುವುದಿಲ್ಲವಷ್ಟೆ.

ಎರಡನೆಯದು ಭಾಷೆ. ಪುಣೆಯಲ್ಲಿ, ದೆಹಲಿಯಲ್ಲಿ ವೈದ್ಯರ ಮುಂದೆ ಕುಳಿತ ತಾಯಿ ಮಗನ ಮುಖ ನೋಡುತ್ತಾರೆ. ಮಗ ತರ್ಜುಮೆ ಮಾಡಬೇಕು. ತಾಯಿ ಮಗನ ಮುಂದೆ ಆ ಜಾಗದ ಹೆಸರು ಹೇಳುವುದುಂಟೆ? "ಯಾಕೋ ಸ್ವಲ್ಪ ಉಷ್ಣ ಆದ ಹಾಗಿದೆಯಪ್ಪ, ಕಾಲು ಸೆಳೆಯುತ್ತದೆ" ಎನ್ನುತ್ತಾರೆ. ಮಗ ಅದನ್ನೇ ಹಿಂದಿಯಲ್ಲಿ ಒಪ್ಪಿಸುತ್ತಾನೆ. ವೈದ್ಯರು ಕಾಲುನೋವಿನ ಮಾತ್ರೆ ಬರೆಯುತ್ತಾರೆ. ಮೂವರಲ್ಲಿ ಯಾರೂ ಸುಳ್ಳು ಹೇಳಲಿಲ್ಲ. ಆದರೆ ನಿಜ ಸೀರೆಯ ಮರೆಯಲ್ಲಿಯೇ ಉಳಿಯಿತು. ಆದುದರಿಂದ ಇಂಥ ಭೇಟಿಗೆ ಸೊಸೆಯೋ ಮಗಳೋ ಜೊತೆಗಿರಲಿ. ಆದರೆ ವೈದ್ಯೆಯನ್ನೇ ಕಾಣಿಸಿ. ಮನೆಯಲ್ಲಿ ಹೆಂಗಸರಿಲ್ಲದಿದ್ದರೆ ನಮ್ಮ ಸಂಘದ ಸೋದರಿಯರಲ್ಲಿ ಯಾರನ್ನು ಕರೆದರೂ ಬಾರದಿರುವುದಿಲ್ಲ.

ಮಾತಿನ ಸಹಾಯಕ್ಕೆ ಎರಡು ಶಬ್ದ ಸಾಕು. ಗಂಟಿಗೆ ಹಿಂದಿಯಲ್ಲಿ ಗಾಂಠ್, ಮರಾಠಿಯಲ್ಲಿ ಗಾಠ, ತಮಿಳಿನಲ್ಲಿ ಕಟ್ಟಿ, ತೆಲುಗಿನಲ್ಲಿ ಗಡ್ಡ. ಮರಾಠಿಯಲ್ಲಿ ಜಾಂಘ ಎಂದರೆ ತೊಡೆಸಂದು. ಹಿಂದಿಯಲ್ಲಿ ಜಾಂಘ್ ಎಂದರೆ ತೊಡೆ. ಚೆನ್ನೈಯಲ್ಲಿ ತೊಡೈ, ಹೈದರಾಬಾದಿನಲ್ಲಿ ತೊಡ ಎಂದರೆ ನಮ್ಮ ತೊಡೆಯೇ. "ತೊಡೆಯ ಬುಡದಲ್ಲಿ ಗಂಟು" ಎಂದು ಹೇಳಿ ಬೆರಳಿಟ್ಟು ತೋರಿಸಿದರೆ ಯಾವ ಊರಿನ ವೈದ್ಯರಿಗೂ ಅರ್ಥವಾಗುತ್ತದೆ. ಗಂಟು ಎಂದಿನಿಂದ ಇದೆ, ಮಲಗಿದರೆ ಒಳಗೆ ಹೋಗುತ್ತದೆಯೇ, ಕೆಮ್ಮಿದರೆ ಉಬ್ಬುತ್ತದೆಯೇ, ವಾಂತಿಯುಂಟೇ, ಬಹಿರ್ದೆಸೆಯಾಯಿತೇ ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗುವುದು ಲೇಸು. ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಹೆಸರೂ, ಅದರಲ್ಲಿಯೂ ಹೃದಯಕ್ಕಾಗಿ ಕೊಟ್ಟ ರಕ್ತ ತೆಳುಗೊಳಿಸುವ ಮಾತ್ರೆಯ ಹೆಸರು, ಆ ಚೀಟಿಯಲ್ಲಿರಲಿ.

ಕೆಲವು ಕೆಲಸಗಳನ್ನು ಮಾಡಕೂಡದು. ಗಂಟನ್ನು ನೀವಿ ಒಳಗೆ ನೂಕಬಾರದು. ಅರಿಸಿನದ ಪಟ್ಟು ಹಾಕಿ, ಬಿಸಿ ಉಪ್ಪಿನ ಶಾಖ ಕೊಟ್ಟು "ಹಣ್ಣಾಗಿ ಒಡೆಯಲಿ" ಎಂದು ಕಾಯಬಾರದು. ಹೊಟ್ಟೆ ಹಗುರಾಗಲೆಂದು ಹರಳೆಣ್ಣೆ ಕುಡಿಸಬಾರದು. ಅಂಗಡಿಯಲ್ಲಿ ಸಿಕ್ಕುವ ಹರ್ನಿಯಾ ಪಟ್ಟಿಯನ್ನು ತಂದು ಬಿಗಿಯಬಾರದು. ತೊಡೆಯ ಹರ್ನಿಯಾಕ್ಕೆ ಅದು ಉಪಯೋಗವಿಲ್ಲ. ಗಂಟು ನೋಯುತ್ತಿದ್ದರೆ, ಕೆಂಪಾಗಿದ್ದರೆ, ಒಳಗೆ ಹೋಗುತ್ತಿದ್ದುದು ಹೋಗದೆ ನಿಂತಿದ್ದರೆ ಅದೇ ದಿನ, ರಾತ್ರಿಯಾದರೆ ಅದೇ ರಾತ್ರಿ, ಶಸ್ತ್ರವೈದ್ಯರಿರುವ ಆಸ್ಪತ್ರೆಗೆ ಕರೆದೊಯ್ಯಬೇಕು. ಶಸ್ತ್ರಕ್ರಿಯೆ ಬೇಕಾದೀತಾದ್ದರಿಂದ ಹೊರಡುವ ಮುನ್ನ ಕಾಫಿ ತಿಂಡಿಯ ಉಪಚಾರ ಬೇಡ. ನೋವಿಲ್ಲದ ಗಂಟಾದರೂ ತಿಂಗಳು ಕಾಯದೆ ಶಸ್ತ್ರವೈದ್ಯರಿಗೆ ತೋರಿಸಿ, ಅದು ತೊಡೆಯ ಹರ್ನಿಯಾ ಎಂದು ಗೊತ್ತಾದರೆ ಅವರು ಹೇಳಿದ ದಿನ ಸರಿಪಡಿಸಿಕೊಳ್ಳುವುದೇ ಜಾಣತನ. ನೆಮ್ಮದಿಯಾಗಿ ಗೊತ್ತುಮಾಡಿದ ದಿನದ ಶಸ್ತ್ರಕ್ರಿಯೆಗೂ, ಕೀವಾದ ಮೇಲೆ ನಡುರಾತ್ರಿಯ ಶಸ್ತ್ರಕ್ರಿಯೆಗೂ ವೃದ್ಧರ ದೇಹದಲ್ಲಿ ಬಹಳ ಅಂತರ.

ಗಂಡಸರಿಗೆ ಒಂದು ಮಾತು. ತಾಯಿ ಅಥವಾ ಮನೆಯವರು ನಡೆಯುವಾಗ ಸ್ವಲ್ಪ ಬಾಗಿ, ಬಲಗಾಲನ್ನು ಜೋಪಾನವಾಗಿ ಇಡುತ್ತಿದ್ದರೆ, ಕೆಮ್ಮುವಾಗ ಕೈ ತೊಡೆಯ ಬುಡಕ್ಕೆ ಹೋಗುತ್ತಿದ್ದರೆ, ನೋಡಿಯೂ ನೋಡದಂತೆ ಇರಬೇಡಿ. ನೀವು ಕೇಳಲು ಸಂಕೋಚಪಟ್ಟರೆ ಮನೆಯ ಹೆಂಗಸರ ಮೂಲಕ ಕೇಳಿಸಿ. ತಾಯಂದಿರಿಗೂ ಒಂದು ಬಿನ್ನಹ: ಮಕ್ಕಳಿಗೆ ತೊಂದರೆಯಾಗಬಾರದೆಂಬುದು ನಿಮ್ಮ ದೊಡ್ಡ ಮನಸ್ಸು, ಆದರೆ ಗಂಟು ಎದ್ದ ದಿನವೇ ಹೇಳಿದರೆ ಆಗುವ ತೊಂದರೆ ಎಲ್ಲಕ್ಕಿಂತ ಚಿಕ್ಕದು. ಈ ಸಂಚಿಕೆ ಮನೆಗೆ ಬಂದಾಗ ಓದಿ ಮಡಿಸಿಡುವ ಬದಲು, ಓದಲು ಕಣ್ಣು ಸಾಲದ ಹಿರಿಯರಿಗೆ ಸೊಸೆಯೋ ಮೊಮ್ಮಗಳೋ ಒಂದು ಮಧ್ಯಾಹ್ನ ಗಟ್ಟಿಯಾಗಿ ಓದಿ ಹೇಳಲಿ. ಓದಿ ಮುಗಿಸಿದ ಮೇಲೆ ಸ್ವಲ್ಪ ಹೊತ್ತು ಅವರ ಪಕ್ಕದಲ್ಲಿಯೇ ಕುಳಿತಿರಲಿ.